ಒಂಬತ್ತು ದಿನ ಮೆಸ್‌ಗೆ ಬಾರದ ಹುಡುಗಿ: ಅಮೆರಿಕದ ಒಂದು ಆನರ್ಸ್ ಹಾಸ್ಟೆಲ್‌ನ ಪ್ರಕರಣ

ಮೂರನೇ ಮಹಡಿಯ ಒಬ್ಬ ಹುಡುಗಿ ಒಂಬತ್ತು ದಿನ ಮೆಸ್‌ಗೆ ಬಂದಿರಲಿಲ್ಲ. ನಾನೂರು ಮಕ್ಕಳಿರುವ ಹಾಸ್ಟೆಲ್ ಅದು. ಮಹಡಿಗೆ ಇಬ್ಬರಂತೆ ಸೀನಿಯರ್ ವಿದ್ಯಾರ್ಥಿಗಳು ಮಕ್ಕಳನ್ನು ನೋಡಿಕೊಳ್ಳಲು ಇದ್ದರು. ಅವರ ಮೇಲೆ ನಾನಿದ್ದೆ, ನನ್ನ ಮೇಲೆ ಒಬ್ಬರು ಡೈರೆಕ್ಟರ್ ಇದ್ದರು. ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಬಂದು ನೆಲ ಒರೆಸುವ ಹೆಂಗಸಿಗೆ.

ಇದು 2022ರ ಅಕ್ಟೋಬರ್‌ನಲ್ಲಿ ನಡೆದದ್ದು. ನಾನು ಆಗ ಅಮೆರಿಕದ ಮಧ್ಯಪಶ್ಚಿಮದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಓದುತ್ತಿದ್ದೆ. ಜೊತೆಗೆ ಅಲ್ಲಿನ ಆನರ್ಸ್ ಹಾಸ್ಟೆಲ್‌ನಲ್ಲಿ ಸಹಾಯಕಿಯ ಕೆಲಸ. ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಆ 20 ಗಂಟೆಗೆ ಫೀಸು ಮಾಫಿ, ಊಟ, ಇರಲು ಒಂದು ಪುಟ್ಟ ಮನೆ ಮತ್ತು ಸ್ವಲ್ಪ ಸಂಬಳ ಸಿಗುತ್ತಿತ್ತು. ಜಗಳೂರು ಕಡೆಯ ರೈತರ ಮನೆಯಿಂದ ಬಂದವಳಿಗೆ ಅದು ದೊಡ್ಡ ಆಸರೆ. ಹುಡುಗಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಯೂನಿವರ್ಸಿಟಿಯ ಹೆಸರನ್ನೂ ಬರೆಯುವುದಿಲ್ಲ.

ಹಿನ್ನೆಲೆ

ಆನರ್ಸ್ ಹಾಸ್ಟೆಲ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಆನರ್ಸ್ ಅನ್ನುವುದು ಪದವಿಯ ಹೆಸರಿನ ಪಕ್ಕ ಬರುವ ಪದ. ಅಲ್ಲಿ ಅದು ಯೂನಿವರ್ಸಿಟಿಯ ಒಳಗೇ ಇರುವ ಇನ್ನೊಂದು ಚಿಕ್ಕ ಕಾಲೇಜು. ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಮೂವತ್ತು, ನಲವತ್ತು ಸಾವಿರ ಮಕ್ಕಳು ಓದುತ್ತಾರೆ. ಮೊದಲ ವರ್ಷದ ಕೆಮಿಸ್ಟ್ರಿ ಕ್ಲಾಸಿನಲ್ಲೇ ಮುನ್ನೂರು ಜನ ಕೂತಿರುತ್ತಾರೆ. ಚೆನ್ನಾಗಿ ಓದುವ ಮಕ್ಕಳು ಇಷ್ಟು ದೊಡ್ಡ ಜಾಗಕ್ಕೆ ಬರಲು ಹಿಂದೆ ಮುಂದೆ ನೋಡುತ್ತಾರೆ. ಅವರನ್ನು ಕರೆತರಲು ಮಾಡಿದ ವ್ಯವಸ್ಥೆ ಇದು: ಇಪ್ಪತ್ತು ಜನರ ಸೆಮಿನಾರ್ ಕ್ಲಾಸು, ಕೋರ್ಸ್ ಆರಿಸಿಕೊಳ್ಳಲು ಎಲ್ಲರಿಗಿಂತ ಮೊದಲ ಅವಕಾಶ, ಕೊನೆಯ ವರ್ಷ ಒಂದು ಪ್ರಬಂಧ, ಎಲ್ಲರೂ ಒಟ್ಟಿಗೆ ಇರಲು ಒಂದು ಕಟ್ಟಡ.

ಇದರ ಬೇರು ಇಂಗ್ಲೆಂಡಿನಲ್ಲಿದೆ. ರೋಡ್ಸ್ ಅನ್ನುವ ಸ್ಕಾಲರ್‌ಶಿಪ್ ಪಡೆದು ಆಕ್ಸ್‌ಫರ್ಡ್‌ನಲ್ಲಿ ಓದಿದ್ದ ಫ್ರಾಂಕ್ ಐಡಲಾಟ್ ಅಮೆರಿಕಕ್ಕೆ ಮರಳಿ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷರಾದರು. 1922ರಲ್ಲಿ ಅಲ್ಲಿ ಆನರ್ಸ್ ಓದು ಶುರು ಮಾಡಿದರು. ಅದು ಚಿಕ್ಕ ಖಾಸಗಿ ಕಾಲೇಜು. ಸರ್ಕಾರಿ ಯೂನಿವರ್ಸಿಟಿಗಳು ಇದನ್ನು ಹಿಡಿದು ದೊಡ್ಡ ದೊಡ್ಡ ಕಟ್ಟಡ ಎಬ್ಬಿಸಿದ್ದು ಎಷ್ಟೋ ವರ್ಷಗಳ ನಂತರ. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಬ್ಯಾರೆಟ್ ಆನರ್ಸ್ ಕಾಲೇಜಿಗೆ ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ದಂಪತಿಯ ಹೆಸರಿದೆ. ಟೆಂಪಿ ಊರಿನಲ್ಲಿ ಅದರ ಆವರಣ ತೆರೆದದ್ದು 2009ರಲ್ಲಿ, ಸುಮಾರು 1,700 ಮಕ್ಕಳಿಗೆ ಜಾಗ. ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿ 2016ರಲ್ಲಿ ಸುಮಾರು 800 ಮಕ್ಕಳಿಗೆ ಎರಡು ಕಟ್ಟಡ ತೆರೆಯಿತು. ನಮ್ಮದು ಇವುಗಳಿಗಿಂತ ಹಳೆಯದು, ಚಿಕ್ಕದು.

ಚೆನ್ನಾಗಿತ್ತು ನಮ್ಮ ಹಾಸ್ಟೆಲ್. ಅದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಕೆಳಗಿನ ಹಾಲಿನಲ್ಲಿ ಒಂದು ಪಿಯಾನೋ, ಗೋಡೆಯ ಉದ್ದಕ್ಕೂ ಬಿಳಿ ಬೋರ್ಡು. ರಾತ್ರಿ ಹನ್ನೊಂದಕ್ಕೆ ಹೋದರೆ ಒಬ್ಬ ಹುಡುಗ ಬೋರ್ಡಿನ ಮುಂದೆ ನಿಂತು ಗಣಿತದ ಒಂದು ಪ್ರಮೇಯದ ಸಾಧನೆಯನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದ, ನಾಲ್ಕು ಜನ ನೆಲದ ಮೇಲೆ ಕೂತು ತಪ್ಪು ಹುಡುಕುತ್ತಿದ್ದರು, ಇನ್ನೊಬ್ಬಳು ಪಕ್ಕದಲ್ಲೇ ಪಿಯಾನೋ ನುಡಿಸುತ್ತಿದ್ದಳು, ಯಾರೂ ಯಾರಿಗೂ ಸುಮ್ಮನಿರು ಅನ್ನುತ್ತಿರಲಿಲ್ಲ. ಶಾಲೆಯಲ್ಲಿ ಜಾಸ್ತಿ ಓದುತ್ತಾನೆ ಅಂತ ಗೇಲಿಗೆ ಒಳಗಾಗಿದ್ದ ಮಕ್ಕಳು ಇಲ್ಲಿ ಬಂದು ಮೊದಲ ಸಲ ಉಸಿರು ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಕುಡಿತ, ಗಲಾಟೆ, ಮುರಿದ ಬಾಗಿಲು ಇವುಗಳ ವರದಿ ಬೇರೆ ಹಾಸ್ಟೆಲ್‌ಗಳಿಂದ ರಾಶಿ ರಾಶಿ ಬರುತ್ತಿದ್ದಾಗ ನಮ್ಮಲ್ಲಿಂದ ವಾರಕ್ಕೆ ಒಂದು ಬಂದರೆ ಹೆಚ್ಚು. ಅದಕ್ಕೆ ನಾವು ಖುಷಿಪಡುತ್ತಿದ್ದೆವು. ನಿಶ್ಶಬ್ದವಾದ ಮಹಡಿ ಅಂದರೆ ಒಳ್ಳೆಯ ಮಹಡಿ ಅಂತ ನಾನೇ ಮೀಟಿಂಗ್‌ನಲ್ಲಿ ಹೇಳಿದ್ದೇನೆ. ಮುಚ್ಚಿದ ಬಾಗಿಲು ಕಂಡರೆ ಒಳಗೆ ಓದುತ್ತಿದ್ದಾರೆ ಅಂತಲೇ ಲೆಕ್ಕ.

ಹುಡುಗಿ

ಅವಳ ಊರು ಚಿಕ್ಕದು. ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಇದ್ದವರೇ 38 ಜನ, ಅದರಲ್ಲಿ ಇವಳು ಮೊದಲು. ಮನೆಯಲ್ಲಿ ಕಾಲೇಜಿಗೆ ಬಂದವಳೂ ಇವಳೇ ಮೊದಲು. ಅಪ್ಪ ಮೆಕ್ಕೆಜೋಳ, ಸೋಯಾ ಬೆಳೆಯುತ್ತಾರೆ. ಆಗಸ್ಟ್‌ನಲ್ಲಿ ಮಕ್ಕಳು ಬಂದಿಳಿದ ದಿನ ಅವರಪ್ಪ ಪಿಕಪ್ ಗಾಡಿಯಿಂದ ಡಬ್ಬ ಇಳಿಸುತ್ತಿದ್ದರು. ನಮ್ಮ ಅಪ್ಪನೂ ಮೆಕ್ಕೆಜೋಳವೇ ಬೆಳೆಯೋದು ಅಂದೆ. ನಂಬಲಿಲ್ಲ. ಫೋನಿನಲ್ಲಿದ್ದ ಹೊಲದ ಫೋಟೋ ತೋರಿಸಿದೆ. ಅವರು ಅದನ್ನು ಹಿಗ್ಗಿಸಿ ತೆನೆಯ ಗಾತ್ರ ನೋಡಿದರು, ಸಾಲಿನ ಅಂತರ ಎಷ್ಟು ಅಂತ ಕೇಳಿದರು. ಆ ಹುಡುಗಿ ನನ್ನ ನೆನಪಲ್ಲಿ ಉಳಿದದ್ದು ಹಾಗೆ.

ಅವಳ ರೂಮ್‌ಮೇಟ್ ಶಿಕಾಗೋ ಪಕ್ಕದ ಶ್ರೀಮಂತ ಊರಿನವಳು. ಆ ಶಾಲೆಗಳಲ್ಲಿ ಎಪಿ ಅಂತ ಕಾಲೇಜು ಮಟ್ಟದ ವಿಷಯಗಳನ್ನು ಕಲಿಸುತ್ತಾರೆ. ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕೋ ಐದೋ ಬಂದರೆ ಯೂನಿವರ್ಸಿಟಿ ಅದಕ್ಕೆ ಕ್ರೆಡಿಟ್ ಕೊಡುತ್ತದೆ, ಅಂದರೆ ಆ ಕೋರ್ಸ್ ಮುಗಿಸಿದ ಲೆಕ್ಕ. ಆ ಹುಡುಗಿ ಬರುವಾಗಲೇ ಒಂದು ವರ್ಷದಷ್ಟು ಕ್ರೆಡಿಟ್ ಕೈಯಲ್ಲಿ ಹಿಡಿದು ಬಂದಿದ್ದಳು. ನಮ್ಮ ಹುಡುಗಿಯ ಶಾಲೆಯಲ್ಲಿ ಎಪಿ ಇದ್ದದ್ದು ಒಂದೇ ವಿಷಯಕ್ಕೆ, ಅದು ಇತಿಹಾಸ. ಕ್ಯಾಲ್ಕುಲಸ್ ಕಲಿಸುವವರೇ ಇರಲಿಲ್ಲ. ಇಬ್ಬರೂ ಟಾಪರ್, ಇಬ್ಬರಿಗೂ ಒಂದೇ ಕೋಣೆ. ಬಾಗಿಲ ಮೇಲೆ ಬಣ್ಣದ ಕಾಗದದಲ್ಲಿ ಕತ್ತರಿಸಿದ ಹೆಸರುಗಳೂ ಒಂದೇ ಅಳತೆಯವು. ಇದನ್ನು ನೋಡಿ ನಮ್ಮವರಿಗೆ ದಕ್ಷಿಣ ಕನ್ನಡದ ಪಿಯು ಕಾಲೇಜಿನ ಹಾಸ್ಟೆಲ್‌ಗಳು ನೆನಪಾಗಬಹುದು. ಹಳ್ಳಿ ಶಾಲೆಯಲ್ಲಿ ಫಸ್ಟ್ ಬಂದ ಹುಡುಗ ಅಲ್ಲಿಗೆ ಹೋಗಿ ಮೊದಲ ಟೆಸ್ಟ್ ಬರೆದ ರಾತ್ರಿ ಹೇಗಿರುತ್ತದೆ ಅನ್ನೋದು ಅನುಭವಿಸಿದವರಿಗೆ ಗೊತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಕೆಮಿಸ್ಟ್ರಿಯ ಮೊದಲ ಪರೀಕ್ಷೆ. ನೂರಕ್ಕೆ 41 ಬಂತು. ಜೀವನದಲ್ಲಿ ತೊಂಬತ್ತರ ಕೆಳಗೆ ನೋಡಿರಲಿಲ್ಲ ಅವಳು. ಆ ಕ್ಲಾಸಿನ ಸರಾಸರಿ 48, ಅಂದರೆ ಅವಳ ಅಂಕ ಭಯಪಡುವಂಥದ್ದೇನೂ ಆಗಿರಲಿಲ್ಲ. ಅಲ್ಲಿ ಗ್ರೇಡ್ ಕೊಡುವುದು ಸರಾಸರಿಯನ್ನು ನೋಡಿ. ಆ ಸರಾಸರಿ ಅಂಕ ತೋರಿಸುವ ಅದೇ ಪುಟದ ಕೆಳಗಿತ್ತು. ಅವಳು ಕೆಳಗೆ ಹೋಗಲೇ ಇಲ್ಲ, 41 ಕಂಡ ಕೂಡಲೇ ಪುಟ ಮುಚ್ಚಿದ್ದಳು.

ಆಮೇಲೆ ನಡೆದದ್ದೆಲ್ಲ ಆ ಅಂಕದಿಂದ ಆದದ್ದಲ್ಲ, ಅದನ್ನು ಮುಚ್ಚಿಡಲು ಹೋಗಿ ಆದದ್ದು. ಲ್ಯಾಬ್‌ನಲ್ಲಿ ಜೊತೆಗಾರ್ತಿ ಎಷ್ಟು ಬಂತು ಅಂತ ಕೇಳುತ್ತಾಳೆ ಅಂತ ಲ್ಯಾಬ್ ತಪ್ಪಿಸಿದಳು, ಒಂದಲ್ಲ, ಎರಡು. ಮೆಸ್‌ನಲ್ಲಿ ಮಹಡಿಯವರೆಲ್ಲ ಒಂದೇ ಮೇಜಿಗೆ ಸೇರುತ್ತಿದ್ದರು, ಅಲ್ಲಿ ಪರೀಕ್ಷೆಯ ಮಾತೇ ಜಾಸ್ತಿ. ಅದಕ್ಕೆ ಮೆಸ್ ಬಿಟ್ಟಳು. ಬಿಸ್ಕತ್ತು, ಕಪ್ ನೂಡಲ್ಸ್ ತಿಂದುಕೊಂಡಳು. ರೂಮಿನಲ್ಲಿ ದೀಪ ಹಾಕಿದರೆ ರೂಮ್‌ಮೇಟ್‌ಗೆ ಎಚ್ಚರವಾಗುತ್ತದೆ ಅಂತ ರಾತ್ರಿ ನೆಲಮಾಳಿಗೆಯ ಲಾಂಡ್ರಿ ರೂಮಿಗೆ ಹೋಗಿ ಓದಲು ಶುರು ಮಾಡಿದಳು. ಬೆಚ್ಚಗಿರುತ್ತದೆ, ಯಾರೂ ಬರುವುದಿಲ್ಲ. ಅಲ್ಲೇ ನಿದ್ದೆ. ಬೆಳಗಾದರೆ ರೂಮಿಗೆ ಬಂದು ಕ್ಲಾಸಿನ ಹೊತ್ತಿನಲ್ಲಿ ಮತ್ತೆ ನಿದ್ದೆ. ಕೆಮಿಸ್ಟ್ರಿಯ ಎರಡನೇ ಪರೀಕ್ಷೆ ಹೀಗೆಯೇ ತಪ್ಪಿತು.

ರೂಮ್‌ಮೇಟ್ ಕೆಟ್ಟವಳಲ್ಲ. ಇವಳು ತನಗಿಂತ ಜಾಸ್ತಿ ಓದುತ್ತಿದ್ದಾಳೆ ಅಂದುಕೊಂಡು ತಾನೂ ಹೆದರಿ ಲೈಬ್ರರಿಯಲ್ಲಿ ಕೂತಿದ್ದಳು. ಇದನ್ನು ಆಮೇಲೆ ಅಳುತ್ತಾ ಹೇಳಿದಳು.

ಆ ಮಹಡಿಯ ಸೀನಿಯರ್ ಪ್ರತಿ ವಾರ ನನಗೆ ಒಂದು ಫಾರಂ ತುಂಬಿ ಕೊಡಬೇಕಿತ್ತು. ಈ ಹುಡುಗಿಯ ಸಾಲಿನಲ್ಲಿ ಮೂರು ವಾರವೂ ಇದ್ದದ್ದು ಒಂದೇ: ಚೆನ್ನಾಗಿದ್ದಾಳೆ, ಓದಿನಲ್ಲಿ ಮುಳುಗಿದ್ದಾಳೆ. ನಾನು ಅದಕ್ಕೆ ಸರಿ ಗುರುತು ಹಾಕಿದ್ದೆ. ಆ ಫಾರಂ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಲಾಂಡ್ರಿ ರೂಮು

ನೆಲ ಒರೆಸುವ ಆ ಹೆಂಗಸಿಗೆ ಅರವತ್ತರ ಹತ್ತಿರ ವಯಸ್ಸು. ಒಂದು ಮಂಗಳವಾರ ನನ್ನ ಆಫೀಸಿನ ಬಾಗಿಲಿಗೆ ಬಂದು ನಿಂತು, ಒಂದು ಹುಡುಗಿ ಎಂಟು ಹತ್ತು ದಿನದಿಂದ ಡ್ರೈಯರ್ ಪಕ್ಕ ನೆಲದ ಮೇಲೆ ಮಲಗಿರುತ್ತಾಳೆ, ಹತ್ತಿರ ಬಟ್ಟೆ ಇರೋದಿಲ್ಲ, ನಿನಗೆ ಗೊತ್ತಾ ಅಂತ ಕೇಳಿದರು. ಕಸದ ಬುಟ್ಟಿಯಲ್ಲಿ ಬರೀ ನೂಡಲ್ಸ್ ಕಪ್ ಸಿಗುತ್ತಿವೆ ಅಂತಲೂ ಹೇಳಿದರು.

ದಾವಣಗೆರೆಯಲ್ಲಿ ನಾನಿದ್ದ ಲೇಡೀಸ್ ಹಾಸ್ಟೆಲ್‌ನಲ್ಲಿ ಆರು ಜನಕ್ಕೆ ಒಂದು ರೂಮು, ನೀರಿಗೆ ಕ್ಯೂ, ಸೊಳ್ಳೆ. ಹೊಗಳುವಂಥದ್ದೇನೂ ಇರಲಿಲ್ಲ. ಆದರೆ ಒಂದು ರಾತ್ರಿ ಊಟಕ್ಕೆ ಹೋಗದಿದ್ದರೆ ಬೆಳಗ್ಗೆ ಚಪಾತಿ ಹಾಕುವಾಗ ಮೆಸ್ ಅಕ್ಕ ಕೈ ತಡೆದು, 'ಯಾಕವ್ವಾ, ನಿನ್ನೆ ಊಟಕ್ಕೆ ಬರ್ಲಿಲ್ಲ?' ಅಂತ ಕೇಳೋರು. ಉತ್ತರ ಕೊಡದೆ ಚಪಾತಿ ಬೀಳುತ್ತಿರಲಿಲ್ಲ. ಇಲ್ಲಿ ಕಾರ್ಡು ಉಜ್ಜಿ ಒಳಗೆ ಹೋಗುವುದು. ಉಜ್ಜದಿದ್ದರೆ ಕೇಳುವವರು ಯಾರೂ ಇಲ್ಲ.

ಮರುದಿನ ಬೆಳಗ್ಗೆ ಐದಕ್ಕೆ ನಾನೇ ಕೆಳಗೆ ಹೋದೆ. ಎದ್ದು ಕೂತಿದ್ದಳು. ಏನಾಯಿತು ಅಂತ ಕೇಳಲಿಲ್ಲ. ಊರಲ್ಲಿ ಕೊಯ್ಲು ಮುಗಿಯಿತಾ ಅಂದೆ. ಇನ್ನೂ ಅರ್ಧ ಇದೆ, ಅಪ್ಪ ರಾತ್ರಿ ಹನ್ನೆರಡರವರೆಗೂ ಕೊಯ್ಲಿನ ಕಂಬೈನ್ ಯಂತ್ರದ ಮೇಲೆ ಇರುತ್ತಾರೆ, ಅದಕ್ಕೇ ಫೋನ್ ಮಾಡಿಲ್ಲ ಅಂದಳು. ಆಮೇಲೆ ಅಳು ಬಂತು. ಎಲ್ಲವನ್ನೂ ಹೇಳಿದಳು.

ಅವಳ ತಲೆಯಲ್ಲಿದ್ದ ಲೆಕ್ಕ ಇಷ್ಟು. ನಮ್ಮಲ್ಲಿ ಆನರ್ಸ್ ಉಳಿಯಲು ಜಿಪಿಎ, ಅಂದರೆ ಎಲ್ಲ ಕೋರ್ಸ್‌ಗಳ ಗ್ರೇಡಿನ ಸರಾಸರಿ, 3.25 ಇರಬೇಕು, ಪೂರ್ತಿ ಅಂಕ ಅಂದರೆ 4. ಅದರ ಕೆಳಗೆ ಬಿದ್ದರೆ ಆನರ್ಸ್ ಹೋಗುತ್ತದೆ. ಆನರ್ಸ್ ಹೋದರೆ ಸ್ಕಾಲರ್‌ಶಿಪ್ ಹೋಗುತ್ತದೆ. ಆನರ್ಸ್ ಹಾಸ್ಟೆಲ್ ಆದ್ದರಿಂದ ರೂಮೂ ಹೋಗುತ್ತದೆ. ಅಂದರೆ ಡಿಸೆಂಬರ್‌ನಲ್ಲಿ ಡಬ್ಬ ಕಟ್ಟಿಕೊಂಡು ಮನೆಗೆ. ಯಾರಿಗಾದರೂ ಹೇಳಿದರೆ ಅದು ಇನ್ನೂ ಬೇಗ ಆಗುತ್ತದೆ, ಯಾಕಂದರೆ ನಾವೆಲ್ಲ ಆನರ್ಸ್ ಕಾಲೇಜಿನ ಜನ. ನಾನೂ ಸೇರಿ.

ನಿಯಮ ಹಾಗಿರಲಿಲ್ಲ. ಮೊದಲ ಸೆಮಿಸ್ಟರ್ ಕಡಿಮೆಯಾದರೆ ಒಂದು ಎಚ್ಚರಿಕೆ ಪತ್ರ ಬರುತ್ತದೆ, ಸರಿಪಡಿಸಿಕೊಳ್ಳಲು ಇನ್ನೊಂದು ಸೆಮಿಸ್ಟರ್ ಕೊಡುತ್ತಾರೆ. ರೂಮಿನ ಕರಾರು ಮೇ ತಿಂಗಳವರೆಗೆ, ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಇದೆಲ್ಲ ನಾವು ಜುಲೈನಲ್ಲಿ ಕಳಿಸಿದ್ದ ನಲವತ್ತು ಪುಟದ ಕೈಪಿಡಿಯಲ್ಲಿತ್ತು. ಆದರೆ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು 3.25 ಮಾತ್ರ. ಇರುವ ಸೂರಿಗೂ ಅಂಕಕ್ಕೂ ಗಂಟು ಹಾಕಿದ ಹಾಗೆ ಕಾಣುವಂತೆ ನಾವೇ ಬರೆದಿದ್ದೆವು. ಹದಿನೆಂಟು ವರ್ಷದ ಹುಡುಗಿ ಅದನ್ನು ಹಾಗೇ ಓದಿಕೊಂಡಳು. ಅವಳದು ತಪ್ಪು ಅಂತ ನನಗೆ ಇವತ್ತಿಗೂ ಅನಿಸುವುದಿಲ್ಲ.

ನಮಗೆ ತರಬೇತಿಯಲ್ಲಿ ಕಲಿಸಿದ ಒಂದು ಪ್ರಶ್ನೆ ಇದೆ, ಅದನ್ನು ಕೇಳಿದೆ. ಸಾಯುವ ಯೋಚನೆ ಬಂದಿದೆಯಾ? ನೇರವಾಗಿ ಹೀಗೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ನಮ್ಮ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳುವವರು ಇದ್ದಾರೆ ಅಂತ ಎಷ್ಟೋ ಜನರಿಗೆ ಎದೆ ಹಗುರಾಗುತ್ತದೆ. ಅವಳು ನನ್ನ ಮುಖ ನೋಡಿ, ಇಲ್ಲ, ಆದರೆ ಎಲ್ಲಾದರೂ ಮಾಯವಾಗಬೇಕು ಅನಿಸುತ್ತದೆ ಅಂದಳು. ಆ ವರ್ಷದ ಜುಲೈನಲ್ಲಷ್ಟೇ ಅಮೆರಿಕದಾದ್ಯಂತ 988 ಅನ್ನುವ ಸಹಾಯವಾಣಿ ಶುರುವಾಗಿತ್ತು. ಆ ಸಂಖ್ಯೆಯನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಎಂಟಕ್ಕೆ ಕೌನ್ಸೆಲಿಂಗ್ ಸೆಂಟರ್ ತೆರೆದಾಗ ಜೊತೆಗೆ ನಡೆದುಕೊಂಡು ಹೋದೆ. ದಾರಿಯಲ್ಲಿ ಮೆಸ್‌ಗೆ ನುಗ್ಗಿ ಇಬ್ಬರೂ ಮೊಟ್ಟೆ, ಬ್ರೆಡ್ ತಿಂದೆವು. ಅವಳು ಮೂರು ತಟ್ಟೆ ತಿಂದಳು.

ಫೋನ್ ಮಾಡಬೇಕೇ, ಬೇಡವೇ

ನನಗೆ ಮೊದಲು ಬಂದ ಯೋಚನೆ ಅವರಮ್ಮನಿಗೆ ಫೋನ್ ಮಾಡೋದು. ನಮ್ಮಲ್ಲಾದರೆ ಎರಡನೇ ಮಾತೇ ಇಲ್ಲ, ಅಲ್ವಾ? ವಾರ್ಡನ್ ಮನೆಗೆ ಫೋನ್ ಮಾಡುತ್ತಾರೆ, ಅಪ್ಪ ರಾತ್ರಿ ಬಸ್ ಹಿಡಿದು ಬೆಳಗ್ಗೆ ಗೇಟಿನ ಹತ್ತಿರ ನಿಂತಿರುತ್ತಾರೆ.

ಅಲ್ಲಿ 1974ರಿಂದ ಫೆರ್ಪಾ ಅನ್ನುವ ಕಾನೂನಿದೆ. ಮಗ ಅಥವಾ ಮಗಳು ಕಾಲೇಜಿಗೆ ಸೇರಿದ ಮೇಲೆ ಅವರ ಓದಿನ ದಾಖಲೆಯ ಹಕ್ಕು ಅಪ್ಪ ಅಮ್ಮನ ಕೈಯಿಂದ ಅವರ ಕೈಗೆ ಹೋಗುತ್ತದೆ. ಅವರ ಒಪ್ಪಿಗೆ ಇಲ್ಲದೆ ಅಂಕವನ್ನು ಮನೆಯವರಿಗೆ ಹೇಳುವಂತಿಲ್ಲ. ಕೆಲವು ವಿನಾಯಿತಿಗಳಿವೆ. ಜೀವಕ್ಕೋ ಆರೋಗ್ಯಕ್ಕೋ ತುರ್ತು ಅಪಾಯ ಇದ್ದರೆ ಹೇಳಬಹುದು. ಕೌನ್ಸೆಲರ್ ಅವಳ ಜೊತೆ ಮಾತಾಡಿ, ಈಗ ಅಂಥ ಅಪಾಯವಿಲ್ಲ ಅಂದರು. ನಮ್ಮ ಡೈರೆಕ್ಟರ್, ಹಾಗಿದ್ದರೆ ಫೋನ್ ಇಲ್ಲ ಅಂದರು. ನಾನು ಅರ್ಧ ಗಂಟೆ ವಾದ ಮಾಡಿದೆ. ಹುಡುಗಿ ಊಟ ಬಿಟ್ಟಿದ್ದಾಳೆ, ಇದು ಅಪಾಯ ಅಲ್ಲದೆ ಮತ್ತೇನು ಅಂದೆ. ಅವರು ತಾಳ್ಮೆಯಿಂದ ಕೇಳಿ, ನೀನು ಅವಳ ಅನುಮತಿ ಇಲ್ಲದೆ ಫೋನ್ ಮಾಡಿದರೆ ಮುಂದಿನ ಸಲ ಆ ಮಹಡಿಯ ಒಂದು ಮಗುವೂ ನಿನ್ನ ಮುಂದೆ ಬಾಯಿ ಬಿಡುವುದಿಲ್ಲ ಅಂದರು.

ಅವರ ಮಾತು ಸರಿ ಅಂತ ಈಗ ಒಪ್ಪುತ್ತೇನೆ. ಮುಕ್ಕಾಲು ಪಾಲು ಒಪ್ಪುತ್ತೇನೆ. ನೀನೇ ಮನೆಗೆ ಫೋನ್ ಮಾಡು ಅಂತ ಅವಳಿಗೆ ಮೂರು ಸಲ ಹೇಳಿದೆ. ಪಕ್ಕದಲ್ಲಿ ಕೂರುತ್ತೇನೆ ಅಂದೆ. ಕೊಯ್ಲು ಮುಗಿಯಲಿ ಅಂದಳು.

ನಾವು ಮಾಡಿದ್ದು

ಸಮಯ ಇರಲಿಲ್ಲ. ಕೋರ್ಸ್ ಬಿಡಲು ಆ ಶುಕ್ರವಾರವೇ ಕೊನೆಯ ದಿನ, ನಾವು ಲಾಂಡ್ರಿ ರೂಮಿನಲ್ಲಿ ಕೂತದ್ದು ಬುಧವಾರ. ಅಲ್ಲಿ ಗಡುವಿನ ಒಳಗೆ ಕೋರ್ಸ್ ಬಿಟ್ಟರೆ ಅಂಕಪಟ್ಟಿಯಲ್ಲಿ ಡಬ್ಲ್ಯು ಅನ್ನುವ ಅಕ್ಷರ ಬರುತ್ತದೆ, ಅದು ಜಿಪಿಎ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ಲ್ಯಾಬ್, ಒಂದು ಪರೀಕ್ಷೆ ತಪ್ಪಿದ ಮೇಲೆ ಕೆಮಿಸ್ಟ್ರಿಯನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಅವಳು ತೆಗೆದುಕೊಂಡಿದ್ದು 16 ಕ್ರೆಡಿಟ್, ಕೆಮಿಸ್ಟ್ರಿಯ 4 ಹೋದರೆ 12. ಪೂರ್ಣಾವಧಿ ವಿದ್ಯಾರ್ಥಿ ಅನಿಸಿಕೊಳ್ಳಲು 12 ಬೇಕು, ಸ್ಕಾಲರ್‌ಶಿಪ್‌ಗೂ ಅಷ್ಟೇ ಸಾಕು. ಗೆರೆಯ ಮೇಲೆ ನಿಂತ ಹಾಗೆ. ಗುರುವಾರ ಆನರ್ಸ್ ಸಲಹೆಗಾರರ ಸಹಿ ಹಾಕಿಸಿದೆವು.

ಆ ಸಲಹೆಗಾರರು ಇನ್ನೊಂದು ಮಾತು ಹೇಳಿದರು. ಜನವರಿಯಿಂದ ಬೇರೆ ಸಾಮಾನ್ಯ ಹಾಸ್ಟೆಲ್‌ಗೆ ಹೋಗುತ್ತೀಯಾ, ಒತ್ತಡ ಕಡಿಮೆಯಾಗುತ್ತದೆ ಅಂತ ಕೇಳಿದರು. ಅವರಿಗೆ ಕಾಳಜಿ ಇತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಹುಡುಗಿಯ ಮುಖ ಬಿಳಿಚಿಕೊಂಡಿತು. ಆ ಹೊತ್ತಿನಲ್ಲಿ ಅವಳ ಕಿವಿಗೆ ಬಿದ್ದದ್ದು, ನೀನು ಇಲ್ಲಿಯವಳಲ್ಲ ಅನ್ನುವುದು ಮಾತ್ರ. ಅದನ್ನು ಫೆಬ್ರವರಿಯಲ್ಲಿ ಕೇಳಬಹುದಿತ್ತು. ಬಿದ್ದವರು ಎದ್ದು ಕೂರುವ ಮೊದಲೇ ಜಾಗ ಬದಲಿಸುವ ಮಾತು ಎತ್ತಬಾರದಿತ್ತು ಅಂತ ನಾನು ಆವತ್ತೇ ಅವರಿಗೆ ಹೇಳಿದೆ.

ಉಳಿದ ಕೆಲಸ ಸಣ್ಣ ಸಣ್ಣದು. ಕ್ಯಾಲ್ಕುಲಸ್‌ಗೆ ವಾರಕ್ಕೆ ಎರಡು ದಿನ ಟ್ಯೂಷನ್ ಸೆಂಟರ್, ಅಲ್ಲಿ ದುಡ್ಡಿಲ್ಲ. ಹೇಳಿಕೊಡುತ್ತಿದ್ದವನು ನಮ್ಮ ಹಾಸ್ಟೆಲ್‌ನ ಅದೇ ಬಿಳಿ ಬೋರ್ಡಿನ ಹುಡುಗ. ರೂಮ್‌ಮೇಟ್ ಮತ್ತು ಇವಳು ಒಂದು ರಾತ್ರಿ ಕೂತು ಎಲ್ಲ ಹೇಳಿಕೊಂಡರು, ಟೇಬಲ್ ಲ್ಯಾಂಪಿಗೆ ಒಂದು ಬಟ್ಟೆ ಕಟ್ಟಿದರು, ಲಾಂಡ್ರಿ ರೂಮಿನ ಓದು ನಿಂತಿತು. ಮಹಡಿಯ ಸೀನಿಯರ್ ದಿನಾ ಸಂಜೆ ಆರಕ್ಕೆ ಅವಳ ಬಾಗಿಲು ತಟ್ಟಿ ಊಟಕ್ಕೆ ಕರೆಯತೊಡಗಿದಳು. ಆರು ವಾರ ತಪ್ಪದೆ ಕರೆದಳು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದೇ ಅಂತ ನನ್ನ ನಂಬಿಕೆ.

ಮೊದಲ ಸೆಮಿಸ್ಟರ್ 12 ಕ್ರೆಡಿಟ್‌ಗೆ ಅವಳ ಜಿಪಿಎ 2.9 ಬಂತು. ಎಚ್ಚರಿಕೆ ಪತ್ರವೂ ಬಂತು. ಅದು ಯಾವತ್ತು ಬರುತ್ತದೆ, ಅದರಲ್ಲಿ ಏನಿರುತ್ತದೆ ಅಂತ ಮೊದಲೇ ತೋರಿಸಿದ್ದೆ, ಹಾಗಾಗಿ ಹೆದರಲಿಲ್ಲ. ಎರಡನೇ ಸೆಮಿಸ್ಟರ್ 15 ಕ್ರೆಡಿಟ್, 3.6. ಎರಡೂ ಸೇರಿ 3.28 ಚಿಲ್ಲರೆ. ಗೆರೆ ದಾಟಿದಳು.

ದಾಟಿದ ಮೇಲೂ ಎರಡನೇ ವರ್ಷಕ್ಕೆ ಆನರ್ಸ್ ಹಾಸ್ಟೆಲ್ ಬೇಡ ಅಂದಳು. ಬ್ಯಾಂಡಿನಲ್ಲಿ ಜೊತೆಗೆ ಕಹಳೆ ನುಡಿಸುವ ಮೂರು ಹುಡುಗಿಯರ ಜೊತೆ ಹೊರಗೆ ಮನೆ ಹಿಡಿದಳು. ಆನರ್ಸ್ ಬಿಡಲಿಲ್ಲ, ಕಟ್ಟಡ ಬಿಟ್ಟಳು. ಇದು ಸೋಲು ಅಂತ ಆಫೀಸಿನಲ್ಲಿ ಒಬ್ಬರು ಅಂದರು. ನನಗೆ ಹಾಗನಿಸಲಿಲ್ಲ. ಯಾರೂ ಕಳಿಸದೆ, ತಾನೇ ಯೋಚಿಸಿ ಹೋದಳು.

ಮುಂದಿನ ಆಗಸ್ಟ್‌ಗೆ ಕೈಪಿಡಿಯ ಮೊದಲ ಪುಟ ಬದಲಾಯಿತು. 3.25ರ ಕೆಳಗೇ, ಅದು ತಪ್ಪಿದರೆ ಏನಾಗುತ್ತದೆ, ಏನು ಆಗುವುದಿಲ್ಲ ಅಂತ ನಾಲ್ಕು ಸಾಲು ಸೇರಿಸಿದೆವು. ಕೊನೆಯ ವರ್ಷದ ಮಕ್ಕಳು ಮಹಡಿಯ ಮೊದಲ ಮೀಟಿಂಗ್‌ನಲ್ಲಿ ತಮ್ಮ ಡಬ್ಲ್ಯು, ತಮ್ಮ 41ಗಳನ್ನು ಹೇಳಿದರು. ವಾರದ ಫಾರಂನಲ್ಲಿ ಓದು ಹೇಗಿದೆ ಅನ್ನುವ ಕಾಲಂ ತೆಗೆದು, ಈ ವಾರ ಇವರು ಯಾರ ಜೊತೆ ಊಟ ಮಾಡಿದ್ದನ್ನು ನೋಡಿದಿರಿ ಅಂತ ಹಾಕಿದೆ. ಸೀನಿಯರ್‌ಗಳ ತರಬೇತಿಗೆ ನೆಲ ಒರೆಸುವ ಆ ಹೆಂಗಸನ್ನೂ ಕರೆದೆವು, ಆ ಗಂಟೆಗೂ ಸಂಬಳ ಕೊಟ್ಟು. ಅವರು ಹತ್ತು ನಿಮಿಷ ಮಾತಾಡಿದರು. ಯಾವ ಹೊತ್ತಿಗೆ ಯಾವ ಮೂಲೆಯಲ್ಲಿ ಮಕ್ಕಳು ಅಳುತ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು.

ಮೇ ತಿಂಗಳು

ಹಾಸ್ಟೆಲ್ ಖಾಲಿ ಮಾಡುವ ದಿನ ಅವರಪ್ಪ ಅದೇ ಪಿಕಪ್ ತಂದಿದ್ದರು. ನನ್ನನ್ನು ಗುರುತು ಹಿಡಿದರು. ನಿಮ್ಮ ಕಡೆ ಮೆಕ್ಕೆಜೋಳಕ್ಕೆ ಏನು ರೇಟು ಅಂತ ಕೇಳಿದರು. ನಮ್ಮದು ಕ್ವಿಂಟಲ್ ಲೆಕ್ಕ, ಅವರದು ಬುಶೆಲ್. ಒಂದು ಬುಶೆಲ್ ಮೆಕ್ಕೆಜೋಳ ಅಂದರೆ 56 ಪೌಂಡ್, ಸುಮಾರು 25 ಕಿಲೋ. ನಾಲ್ಕು ಬುಶೆಲ್‌ಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್. ಫೋನಿನಲ್ಲಿ ಲೆಕ್ಕ ಹಾಕಿ ತೋರಿಸಿದೆ.

ಮಗಳು ಮೇಲಿಂದ ಇನ್ನೊಂದು ಡಬ್ಬ ತರಲು ಹೋದಳು. ಆಗ ಅವರು ದನಿ ತಗ್ಗಿಸಿ, ನಿಮಗೆ ಅಕ್ಟೋಬರ್‌ನಲ್ಲೇ ಗೊತ್ತಿತ್ತಂತೆ, ನಮಗೆ ಅವಳು ಹೇಳಿದ್ದು ಕ್ರಿಸ್‌ಮಸ್ ರಜೆಗೆ ಬಂದಾಗ ಅಂದರು. ಹೌದು ಅಂದೆ. ಯಾಕೆ ಫೋನ್ ಮಾಡಲಿಲ್ಲ ಅಂತ ಕೇಳಿದರು. ಕಂಬೈನ್ ನಿಲ್ಲಿಸಿ ಬರುತ್ತಿದ್ದೆ, ಮೂರು ಗಂಟೆಯ ದಾರಿ ಅಷ್ಟೆ ಅಂದರು.

ನಾನು ಕಾನೂನು ಹೇಳಿದೆ. ಮೂರು ಸಲ ಅವಳಿಗೆ ಹೇಳಿದ್ದನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಆಮೇಲೆ ಚಿಕ್ಕ ಫ್ರಿಜ್‌ನ ಒಂದು ಬದಿ ಹಿಡಿದು, ಆ ಕಡೆ ಹಿಡೀತೀರಾ ಅಂತ ಕೇಳಿದರು. ಇಬ್ಬರೂ ಎತ್ತಿ ಗಾಡಿಗೆ ಇಟ್ಟೆವು.